"ಎಷ್ಟು ಜನರನ್ನು ಹೊಡೆದ್ರಿ ಮಾವ?"

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ದೇವಸ್ಥಾನದ ಬ್ರಹ್ಮಕಲಶದ ಊಟಕ್ಕೆ ಹೋಗಿದ್ದೆ. ಹಂತಿಯಲ್ಲಿ ಪಕ್ಕಕ್ಕೆ ಕೂತ ಕಾಲೇಜು ಹುಡುಗ ಸಾರು ಬರುವ ಮೊದಲೇ ಶುರು ಮಾಡಿದ. "ಮಾವ, ನೀವು ಕಾರ್ಗಿಲ್ ಯುದ್ಧಕ್ಕೆ ಹೋಗಿದ್ರಿ ಅಲ್ವಾ? ಎಷ್ಟು ಜನರನ್ನು ಹೊಡೆದ್ರಿ?"

ಒಬ್ಬರನ್ನೂ ಇಲ್ಲ ಮಾರಾಯ, ನಾನು ಆಸ್ಪತ್ರೆಯಲ್ಲಿದ್ದೆ ಅಂದೆ. "ಓ" ಅಂದ. ಆಮೇಲೆ ಎಲೆ ಕಡೆ ತಿರುಗಿದ.

ರಿಟೈರಾಗಿ ಊರಿಗೆ ಬಂದಾಗಿನಿಂದ ಈ ಪ್ರಶ್ನೆ ಕೇಳುತ್ತಲೇ ಇದ್ದಾರೆ, ಈ "ಓ" ಕೂಡ ಪ್ರತಿ ಸಲ ಬರುತ್ತದೆ. ಹಂತಿಯಲ್ಲಿ ಕೂತು ಹೇಳುವ ಉತ್ತರ ಅಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್. ತರಬೇತಿ ಲಕ್ನೋದಲ್ಲಿ. 1999ರ ಮೇಯಿಂದ ಜುಲೈವರೆಗೆ ಶ್ರೀನಗರದ ಸೇನಾ ಆಸ್ಪತ್ರೆಯಲ್ಲಿ ಡ್ಯೂಟಿ. ನಮಗೂ ರೈಫಲ್ ಕಲಿಸುತ್ತಾರೆ. ಆದರೆ 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮನ್ನು ಮತ್ತು ನಮ್ಮ ರೋಗಿಗಳನ್ನು ಕಾಪಾಡಿಕೊಳ್ಳಲು ಮಾತ್ರ ಅದನ್ನು ಬಳಸಬಹುದು. ನನಗೆ ಆ ಸಂದರ್ಭ ಬರಲಿಲ್ಲ.

ತೋಲೋಲಿಂಗ್, ಟೈಗರ್ ಹಿಲ್ ಹೆಸರು ಕೇಳಿದ್ದೀರಿ. 15 ಸಾವಿರ ಅಡಿಗೂ ಎತ್ತರದ ಬೆಟ್ಟಗಳು. ಅಲ್ಲಿ ಬಿದ್ದವನನ್ನು ಜೊತೆಯವರು ಹೊತ್ತು ಇಳಿಸಬೇಕು, ಕೆಳಗೆ ಡಾಕ್ಟರು ರಕ್ತ ನಿಲ್ಲಿಸಬೇಕು, ಆಮೇಲೆ ಹೆಲಿಕಾಪ್ಟರ್ ಸಿಗಬೇಕು, ಹವಾಮಾನ ಕೆಟ್ಟರೆ ಅದೂ ಇಲ್ಲ. ನಮ್ಮ ಯಕ್ಷಗಾನದಲ್ಲಿ ಯುದ್ಧದಲ್ಲಿ ಬಿದ್ದ ವೇಷ ಎದ್ದು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ನಡೆದು ಹೋಗುತ್ತದೆ. ನಮ್ಮ ಚೌಕಿಗೆ ಎಲ್ಲರನ್ನೂ ಹೊತ್ತೇ ತರುತ್ತಿದ್ದರು.

ಹೆಲಿಕಾಪ್ಟರ್ ರೆಕ್ಕೆಯ ಸದ್ದು ಕೇಳಿದರೆ ಸ್ಟ್ರೆಚರ್ ಹಿಡಿದು ಓಡಬೇಕು, ಕೈಯಲ್ಲಿ ಚಪಾತಿ ಇದ್ದರೂ ಅಷ್ಟೆ. ಬಂದವನ ಗಾಯ ನೋಡುವ ಮೊದಲು ಜೇಬು ನೋಡಬೇಕು. ಗ್ರೆನೇಡ್, ಗುಂಡು ಉಳಿದಿರಬಹುದು, ಅದನ್ನು ವಾರ್ಡಿನೊಳಗೆ ಬಿಡುವ ಹಾಗಿಲ್ಲ. ಆಮೇಲೆ ಕತ್ತರಿ. ಬಟ್ಟೆ ಬಿಚ್ಚಲು ಆಗುವುದಿಲ್ಲ, ಕತ್ತರಿಸಬೇಕು. ಬಟ್ಟೆ ಸುಲಭ, ಬೂಟು ಕಷ್ಟ. ಒದ್ದೆಯಾಗಿ ಊದಿದ ಕಾಲಿಗೆ ಅಂಟಿಕೊಂಡ ಬೂಟನ್ನು ಕಾಲಿಗೆ ತಾಗದ ಹಾಗೆ ಕತ್ತರಿಸುವುದು ಹಸಿ ಅಡಕೆ ಸುಲಿದಷ್ಟು ಸಲೀಸಲ್ಲ. ಎರಡೂ ಮಾಡಿದ್ದೇನೆ, ಗೊತ್ತು.

ಒಂದು ಸಲ ಅವಸರದಲ್ಲಿ ಕತ್ತರಿಸಿದ ಬಟ್ಟೆಯನ್ನು ಹಾಗೇ ಸುಡಲು ಕಳಿಸಿಬಿಟ್ಟೆ. ಗ್ರೆನೇಡ್ ಇಲ್ಲ ಅಂತ ಗ್ಯಾರಂಟಿ ಮಾಡಿಕೊಂಡಿದ್ದೆ, ಅಷ್ಟು ಸಾಕು ಅಂದುಕೊಂಡೆ. ಮರುದಿನ ಎಚ್ಚರವಾದವನು ಅಂಗಿಯ ಜೇಬಿನಲ್ಲಿದ್ದ ಮಗುವಿನ ಫೋಟೋ ಕೇಳಿದ. ಹುಟ್ಟಿದ ಮೇಲೆ ಅವನು ಆ ಮಗುವನ್ನು ನೋಡಿದ್ದು ಆ ಫೋಟೋದಲ್ಲಿ ಮಾತ್ರ. ಹುಡುಕುತ್ತೇನೆ ಅಂತ ಸುಳ್ಳು ಹೇಳಿದೆ. ಮೂರು ದಿನ ಅವನ ಬೆಡ್ಡಿನ ಹತ್ತಿರ ಹೋಗಲು ಬೇರೆಯವರನ್ನು ಕಳಿಸಿದೆ.

ಹೊಸದಾಗಿ ಡ್ಯೂಟಿಗೆ ಬಂದವರು ಒಂದು ವಿಷಯಕ್ಕೆ ಬೆಚ್ಚುತ್ತಿದ್ದರು. ಆಪರೇಷನ್ ಆಗಿದೆ, ಆದರೆ ಗಾಯ ತೆರೆದೇ ಇದೆ! ಯುದ್ಧದ ಗಾಯ ಹಾಗೇ. ಶೆಲ್ಲಿನ ಚೂರು ಒಳಗೆ ಹೋಗುವಾಗ ಮಣ್ಣು, ಬಟ್ಟೆಯ ಎಳೆ ಎಲ್ಲ ತಳ್ಳಿಕೊಂಡು ಹೋಗುತ್ತದೆ. ತಕ್ಷಣ ಹೊಲಿದರೆ ಒಳಗೇ ಕೀವು. ಸತ್ತ ಮಾಂಸ ತೆಗೆದು, ತೊಳೆದು, ಹಾಗೇ ಬಿಟ್ಟು, ನಾಲ್ಕೈದು ದಿನ ಕಳೆದು ಚೊಕ್ಕವಾಗಿದ್ದರೆ ಹೊಲಿಯುವುದು. ಹಿಮಕ್ಕೆ ಕಪ್ಪಾದ ಕಾಲ್ಬೆರಳಿಗೂ ಅವಸರ ಇಲ್ಲ. ಸತ್ತದ್ದೆಷ್ಟು, ಬದುಕಿದ್ದೆಷ್ಟು ಅಂತ ಗೆರೆ ಮೂಡಲು ವಾರಗಟ್ಟಲೆ ಬೇಕು. ಅಷ್ಟು ದಿನವೂ ಅವನು ತನ್ನ ಬೆರಳನ್ನು ನೋಡುತ್ತಾ ಮಲಗಿರಬೇಕು. ಬೆಳಿಗ್ಗೆ ಪಟ್ಟಿ ಬಿಚ್ಚುವಾಗ "ಇವತ್ತು ಸ್ವಲ್ಪ ಕೆಂಪಿದೆ ಅಲ್ವಾ" ಅಂತ ಕೇಳುತ್ತಾರೆ. ಏನು ಹೇಳುವುದು?

ಉಳಿದದ್ದು ಯಾವ ಆಸ್ಪತ್ರೆಯಲ್ಲೂ ಇರುವ ಕೆಲಸ. ಜ್ವರ ನೋಡು, ಬೆಡ್‌ಪ್ಯಾನ್ ಕೊಡು, ಮಗ್ಗುಲು ತಿರುಗಿಸು, ನೆಲ ಒರೆಸು.

ರಾತ್ರಿ ಬೇರೆ ಒಂದು ಡ್ಯೂಟಿ ಇತ್ತು. ಅರಿವಳಿಕೆ ಇಳಿಯುವಾಗ ಹಿಂದಿ ಮರೆತುಹೋಗುತ್ತದೆ, ಎಲ್ಲರೂ ಮನೆಭಾಷೆಯಲ್ಲೇ ಮಾತಾಡುತ್ತಾರೆ. ಆಗ ನನಗೆ ಕರೆ. ನಮ್ಮೂರಲ್ಲಿ ಕನ್ನಡವಾ ಮಲಯಾಳವಾ ಅಂತ ಬೋರ್ಡಿಗೂ ಜಗಳ, ಅಲ್ಲಿ ಎರಡೂ ಬರುವವನು ಅಂತ ನನಗೆ ಭಾರೀ ಬೇಡಿಕೆ. ಬೆಳಗಾವಿ ಕಡೆಯ ಹುಡುಗನೊಬ್ಬ ಇಡೀ ರಾತ್ರಿ "ಎಮ್ಮಿ ಕಟ್ಟೀರೇನು" ಅಂತ ಕೇಳುತ್ತಿದ್ದ. ಕಟ್ಟಿದೀವಿ ಮಲಕ್ಕೋ ಅಂತ ನನಗೆ ಬಂದಷ್ಟು ಅವನ ಕನ್ನಡದಲ್ಲೇ ಹೇಳಿದೆ. ತುಳು ಉಪಯೋಗಕ್ಕೆ ಬಂದದ್ದು ಒಂದೇ ಸಲ.

ಕೈಗೆ ಪಟ್ಟಿ ಇದ್ದವರ ಪತ್ರವನ್ನೂ ನಾನೇ ಬರೆಯುತ್ತಿದ್ದೆ. "ಸ್ವಲ್ಪ ಪೆಟ್ಟಾಗಿದೆ" ಅಂತಲೇ ಎಲ್ಲರೂ ಬರೆಸುತ್ತಿದ್ದರು, ಕಾಲು ಹೋದವನೂ. ಅದೇ ಹೊತ್ತಿಗೆ ಅಪ್ಪನ ಇನ್‌ಲ್ಯಾಂಡ್ ಬಂತು. ಅಡಕೆ ತೋಟಕ್ಕೆ ಕೊಳೆರೋಗ ಬಿದ್ದಿದೆ, ಮದ್ದು ಬಿಡುವ ಮೈಲುತುತ್ತಿಗೆ ದುಡ್ಡು ಬೇಕು ಅಂತ. ಓದಿ ಎಷ್ಟು ಖುಷಿಯಾಯಿತು ಅಂದರೆ, ಸುಮ್ನೆ ಎರಡು ಸಲ ಓದಿದೆ.

ಆ ಯುದ್ಧದಲ್ಲಿ ತೀರಿಹೋದ ನಮ್ಮವರು 527 ಅಂತ ಪ್ರತಿ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿನದಂದು, ಹೇಳುತ್ತಾರೆ, ಹೇಳಲೇಬೇಕು. ಗಾಯವಾದವರು 1300ಕ್ಕೂ ಜಾಸ್ತಿ. ಅವರ ಸುದ್ದಿ ಕೇಳಿದವರು ನನಗೆ ಇನ್ನೂ ಸಿಕ್ಕಿಲ್ಲ.

ಅಂದ ಹಾಗೆ, ಲಕ್ನೋದ ಫೈರಿಂಗ್ ರೇಂಜಿನಲ್ಲಿ ನಾನೂ ಗುಂಡು ಹೊಡೆದಿದ್ದೇನೆ. ಹೆಚ್ಚಿನವು ಮಣ್ಣಿಗೇ ಬಿದ್ದವು. ಹಂತಿಯ ಹುಡುಗನಿಗೆ ಅದನ್ನಾದರೂ ಹೇಳಬಹುದಿತ್ತು, ಅಷ್ಟರಲ್ಲಿ ಪಾಯಸ ಬಂತು.