ಸೇಬಿಗೆ ಅಂಟಿಸಿದ ಹೊಗಳಿಕೆ

ಪಕ್ಕದ ಮನೆಯ ಹುಡುಗಿ ಮೊನ್ನೆ ನಮ್ಮ ಅಡುಗೆಮನೆಯ ಬುಟ್ಟಿಯಿಂದ ಒಂದು ಸೇಬು ಎತ್ತಿಕೊಂಡಳು. ಅದಕ್ಕೆ ಅಂಟಿಸಿದ್ದ ಪುಟ್ಟ ಚೀಟಿಯಲ್ಲಿ ‘ರೆಡ್ ಡೆಲಿಷಸ್’, ಅಂದರೆ ‘ತುಂಬ ರುಚಿಯಾದ ಕೆಂಪು’, ಎಂದಿತ್ತು. ಓದಿ, ಮೂಗು ಮುರಿದು, ಹಣ್ಣನ್ನು ಬುಟ್ಟಿಗೇ ಹಾಕಿದಳು. “ನಿಜವಾಗಿಯೂ ಡೆಲಿಷಸ್ ಆಗಿದ್ದರೆ ಬರೆದು ಅಂಟಿಸಬೇಕಿತ್ತೇ?” ಮೂರನೆಯ ತರಗತಿಯ ಮಗುವಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಹಣ್ಣಿನ ಕಥೆಯೂ ಹಾಗೆಯೇ ಇದೆ. ಅಮೆರಿಕದ ಅಯೋವಾ ರಾಜ್ಯದ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ತಾನಾಗಿ ಹುಟ್ಟಿದ ಗಿಡ ಅದು. ಅವನು ಅದನ್ನು ‘ಹಾಕ್‌ಐ’ ಎಂದು ಕರೆದಿದ್ದ. 1890ರ ದಶಕದಲ್ಲಿ ಹಕ್ಕು ಪಡೆದ ಸ್ಟಾರ್ಕ್ ಸಹೋದರರ ನರ್ಸರಿ ‘ಡೆಲಿಷಸ್’ ಎಂದು ಹೆಸರು ಬದಲಿಸಿತು. ಮುಂದೆ ಅದನ್ನು ಬೆಳೆದವರು ಹೆಚ್ಚು ಕೆಂಪಗಿರುವುದನ್ನೇ ಆರಿಸುತ್ತ ಹೋದರು; ಬಣ್ಣ ಏರಿತು, ಸಿಪ್ಪೆ ದಪ್ಪವಾಯಿತು, ತಿರುಳು ಹಿಟ್ಟುಹಿಟ್ಟಾಯಿತು. 2018ರ ಹೊತ್ತಿಗೆ ಅಮೆರಿಕದ ಅತಿ ಹೆಚ್ಚು ಬೆಳೆಯುವ ಸೇಬಿನ ಪಟ್ಟ ‘ಗಾಲಾ’ ತಳಿಯ ಪಾಲಾಯಿತು. ಹೆಸರು ಮಾತ್ರ ಇನ್ನೂ ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದೆ.

ಹುಡುಗಿ ಆ ಪ್ರಶ್ನೆ ಕೇಳಿದಂದಿನಿಂದ, ಇಂಗ್ಲಿಷ್ ಆಡುವವರಲ್ಲಿ ಈ ‘ಡೆಲಿಷಸ್’ ಯಾರ ಬಾಯಲ್ಲಿ ಯಾವಾಗ ಬರುತ್ತದೆ ಎಂದು ಕಿವಿಗೊಡುತ್ತಿದ್ದೇನೆ. ಬಡಿಸಿದವರು “ಚೆನ್ನಾಗಿದೆಯೇ?” ಎಂದು ಕೇಳುವಾಗ ಈ ಪದ ಬಳಸುವುದು ಕಡಿಮೆ, ಅದು ಉಣ್ಣುವವರ ಬಾಯಿಂದ ಬರಬೇಕಾದದ್ದು. ಅದರಲ್ಲೇ ‘ತುಂಬ’ ಅಡಗಿರುವುದರಿಂದ ‘ವೆರಿ’ ಸೇರಿಸುವವರೂ ಕಡಿಮೆ, ಒತ್ತು ಬೇಕಾದರೆ ‘ಆಬ್ಸಲ್ಯೂಟ್ಲಿ’ ಎನ್ನುತ್ತಾರೆ. ಒಲೆಯ ಮೇಲಿರುವ ಅಡುಗೆಯ ಘಮಕ್ಕೂ ಅದು ಸಲ್ಲುತ್ತದೆ, ಬಾಯಿ ಚಪ್ಪರಿಸುತ್ತ ಹೇಳುವ ಊರ ಸುದ್ದಿಗೂ ಸಲ್ಲುತ್ತದೆ. ಆದರೆ ಅತಿಥಿಯೊಬ್ಬರು ಎದುರಿಗೇ ‘ಡೆಲಿಷಸ್ ಅಲ್ಲ’ ಎಂದದ್ದನ್ನು ನಾನಿನ್ನೂ ಕೇಳಿಲ್ಲ. ಹಿಡಿಸದಿದ್ದರೆ ಫೋರ್ಕ್ ಕೆಳಗಿಟ್ಟು, ಹುಬ್ಬೇರಿಸಿ, “ಇಂಟರೆಸ್ಟಿಂಗ್” ಎನ್ನುತ್ತಾರೆ. ಅದನ್ನು ಕೇಳಿದ ಮೇಲೆ ಇನ್ನೊಂದು ಸೌಟು ಬಡಿಸಲು ಹೋಗಬಾರದು.

ಇದೆಲ್ಲ ಬರಿಯ ತೋರಿಕೆ ಎಂದು ನಮ್ಮವರು ನಗುತ್ತಾರೆ. ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಊಟದ ಸಾಲಿನುದ್ದಕ್ಕೂ ಸುದ್ದಿಯಾಗುತ್ತದೆ, ಎಲ್ಲವೂ ಹದವಾಗಿದ್ದ ದಿನ ಯಾರೂ ತುಟಿ ಬಿಚ್ಚುವುದಿಲ್ಲ. ಮತ್ತೊಮ್ಮೆ ಹಾಕಿಸಿಕೊಂಡರೆ ಅದೇ ಹೊಗಳಿಕೆ ಎಂಬ ಸಮಜಾಯಿಷಿ ಬೇರೆ. ಕೊನೆಗೆ ಉಣ್ಣುವವಳ ಪಾಲಿಗೆ ಆ ಹೊಗಳಿಕೆ ತಳ ಕಂಡ ಪಾತ್ರೆಯಾಗಿ ಉಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನನ್ನು ಕೇಳಿಯೇಬಿಟ್ಟೆ: ಅಪ್ಪ ಎಂದಾದರೂ ಅಡುಗೆ ಚೆನ್ನಾಗಿದೆ ಎಂದದ್ದುಂಟೇ?

“ಬೈಯದೆ ಎದ್ದು ಕೈ ತೊಳೆದರೆ ಚೆನ್ನಾಗಿದೆ ಅಂತಲೇ ಅರ್ಥ ಕಣೇ,” ಎಂದು ಅಮ್ಮ ನಕ್ಕಳು. ಆಮೇಲೆ, ನಾನು ಕೇಳದಿದ್ದರೂ, ಸೇರಿಸಿದಳು: “ನಿನ್ನ ಸೋದರಮಾವ ಒಂದು ಸಲ ಹೇಳಿದ್ದ. ನೀನು ಆಗಿನ್ನೂ ಹುಟ್ಟಿರಲಿಲ್ಲ.”

ಅಂದು ಏನು ಅಡುಗೆ ಮಾಡಿದ್ದಳು, ಯಾರು ಯಾರು ಉಣ್ಣಲು ಕುಳಿತಿದ್ದರು, ಎಲ್ಲವೂ ಅವಳಿಗೆ ನೆನಪಿತ್ತು.

ಈಗ ನನ್ನ ಮಗನಿಗೆ ತಾಕೀತು ಮಾಡಿದ್ದೇನೆ, ಊಟ ಹಿಡಿಸಿದರೆ ಬಾಯಿಬಿಟ್ಟು ಹೇಳಿಯೇ ಏಳಬೇಕೆಂದು. ಹಸಿದ ದಿನ ತಪ್ಪದೆ ಹೇಳುತ್ತಾನೆ. ಉಳಿದ ದಿನಗಳಲ್ಲಿ ತಟ್ಟೆಯನ್ನು ಮೆಲ್ಲಗೆ ಸರಿಸಿ, ಹುಬ್ಬೇರಿಸಿ, “ಇಂಟರೆಸ್ಟಿಂಗ್” ಎನ್ನುತ್ತಾನೆ.