ಹಿಂತಿರುಗಿ ನೋಡುವ ಅಮಿತಾಭ

ಕ್ಯೋಟೊ ನಗರದ ಪೂರ್ವದ ಅಂಚಿನಲ್ಲಿ, ಹಿಗಶಿಯಾಮ ಬೆಟ್ಟಸಾಲಿನ ಬುಡದಲ್ಲಿರುವ ಜೆನ್‌ರಿನ್‌ಜಿ ದೇವಾಲಯವನ್ನು ಜನರು ಬಹುಕಾಲದಿಂದ ಏಕನ್‌ದೋ ಎಂದೇ ಕರೆಯುತ್ತ ಬಂದಿದ್ದಾರೆ. ನವೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ನನ್ನಂತೆ ಮೇಪಲ್ ಮರಗಳ ಕೆಂಪನ್ನು ನೋಡಲು ಬಂದ ಪ್ರವಾಸಿಗರೇ ಆಗಿರುತ್ತಾರೆ. ಸುಮಾರು 3,000 ಮರಗಳು ಬಣ್ಣ ಬದಲಿಸುವ ಆ ದಿನಗಳಲ್ಲಿ ಹೋಜೋ ಕೊಳದ ನೀರಿನಲ್ಲಿಯೂ, ಇಳಿಜಾರಿನ ಮೇಲೆ ನಿಂತ ತಾಹೋತೋ ಗೋಪುರದ ಸುತ್ತಲೂ ಕಣ್ಣಿಗೆ ಬೀಳುವುದು ಕೆಂಪೇ. ಈ ಚೆಲುವು ಭಕ್ತಿಗೆ ಅಡ್ಡಿಯೆಂದು ನಾನು ತಿಳಿಯುವುದಿಲ್ಲ. ಶಿಂಗೋನ್ ಬೌದ್ಧ ಪಂಥದ ಸ್ಥಾಪಕರಾದ ಕೂಕಾಯ್ ಅವರ ಶಿಷ್ಯರಾದ ಶಿನ್ಶೋ ಎಂಬ ಸಂನ್ಯಾಸಿ 853ರಲ್ಲಿ ಇಲ್ಲಿ ಮಠ ಕಟ್ಟಲು ಪಡೆದದ್ದು ಫುಜಿವಾರ ನೋ ಸೆಕಿಯೊ ಎಂಬ ಆಸ್ಥಾನ ಕವಿಯ ನಿವಾಸವನ್ನು. ಈ ಬೆಟ್ಟದ ಕೆಂಪೆಲೆಗಳು ಆಗಲೇ ಕವಿತೆಗೆ ವಸ್ತುವಾಗಿದ್ದವು.

ಆದರೂ ಈ ಕ್ಷೇತ್ರದ ಜೀವ ಇರುವುದು ತೋಟದಲ್ಲಲ್ಲ, ಅಮಿತಾಭನ ಮಂದಿರದಲ್ಲಿ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಕಾಲಿಗೆ ತಣ್ಣಗೆ ತಾಗುವ ಮರದ ಮೊಗಸಾಲೆಗಳನ್ನು ದಾಟಿ ಅಲ್ಲಿಗೆ ಹೋಗಬೇಕು. ಜಪಾನಿನವರು ಅಮಿದ ಎಂದು ಕರೆಯುವ ಅಮಿತಾಭ ಬುದ್ಧನ ಆ ಮರದ ಮೂರ್ತಿಯ ಎತ್ತರ ಸುಮಾರು 77 ಸೆಂಟಿಮೀಟರ್ ಮಾತ್ರ. ನಿಂತಿರುವ ದೇಹ ನಮ್ಮ ಕಡೆಗಿದೆ, ಆದರೆ ತಲೆ ಎಡಭುಜದ ಮೇಲಿಂದ ಹಿಂದಕ್ಕೆ ತಿರುಗಿದೆ. ಎದುರಿಗೆ ನಿಂತವರಿಗೆ ಮುಖ ಪೂರ್ತಿಯಾಗಿ ಕಾಣುವುದಿಲ್ಲ. ನಮ್ಮ ಬಲಕ್ಕೆ, ಮಂಟಪದ ಪಕ್ಕಕ್ಕೆ ಸರಿದು ನಿಂತಾಗಲೇ ದರ್ಶನ ಪೂರ್ಣವಾಗುವುದು. ಪೂಜೆಗೊಳ್ಳುವ ಮೂರ್ತಿಯೊಂದು ಎದುರಿನವರನ್ನು ಬಿಟ್ಟು ಹಿಂದೆ ಉಳಿದವರನ್ನು ನೋಡುತ್ತಿರುವುದನ್ನು ನಾನು ಬೇರೆಲ್ಲಿಯೂ ಕಂಡಿರಲಿಲ್ಲ.

ಇದರ ಕಥೆಯನ್ನು ದೇವಾಲಯದ ಪರಂಪರೆ ಹೀಗೆ ಹೇಳುತ್ತದೆ. 1033ರಿಂದ 1111ರವರೆಗೆ ಬದುಕಿದ ಏಕನ್ ಎಂಬ ಗುರುಗಳು ನಾರಾ ಪಟ್ಟಣದ ತೋದಾಯ್‌ಜಿ ದೇವಾಲಯದಲ್ಲಿದ್ದ ಈ ಮೂರ್ತಿಯನ್ನು ಬೆನ್ನ ಮೇಲೆ ಹೊತ್ತು ಕ್ಯೋಟೊಗೆ ತಂದರು. ಅದನ್ನು ಮರಳಿ ಪಡೆಯಲು ಬೆನ್ನಟ್ಟಿ ಬಂದ ಅಲ್ಲಿನ ಭಿಕ್ಷುಗಳು ಎಷ್ಟು ಎಳೆದರೂ ಅದು ಏಕನ್ ಅವರ ಬೆನ್ನನ್ನು ಬಿಟ್ಟು ಬರಲಿಲ್ಲ. 1082ರ ಎರಡನೆಯ ತಿಂಗಳ 15ನೆಯ ದಿನ, ಬುದ್ಧನ ಪರಿನಿರ್ವಾಣದ ದಿನವೆಂದು ಜಪಾನಿನಲ್ಲಿ ಆಚರಿಸುವ ದಿನದ ನಸುಕಿನಲ್ಲಿ, ಏಕನ್ ಎಂದಿನಂತೆ 'ನಮು ಅಮಿದ ಬುತ್ಸು' ಎಂಬ ನಾಮವನ್ನು ಹೇಳುತ್ತ ಪೀಠಕ್ಕೆ ಪ್ರದಕ್ಷಿಣೆ ಬರುತ್ತಿದ್ದಾಗ, ಅಮಿತಾಭನು ಪೀಠದಿಂದ ಇಳಿದು ಅವರ ಮುಂದೆ ನಡೆಯತೊಡಗಿದನು. ಏಕನ್ ಬೆರಗಾಗಿ ನಿಂತುಬಿಟ್ಟರು. ಆಗ ಅಮಿತಾಭನು ಎಡಕ್ಕೆ ತಿರುಗಿ ನೋಡಿ, "ಏಕನ್, ತಡವಾಯಿತು" ಎಂದನು. ಆ ತಿರುಗಿದ ಮುಖವೇ ಇಂದಿಗೂ ಅಲ್ಲಿ ಪೂಜೆಗೊಳ್ಳುತ್ತಿದೆ.

ಈ ಕಥೆ ಕೇಳಿದ ಕನ್ನಡಿಗರಿಗೆ ಕೊಲ್ಲೂರು ನೆನಪಾಗದೆ ಇರದು. ಕೊಡಚಾದ್ರಿಯಲ್ಲಿ ಒಲಿದ ದೇವಿ ಶಂಕರಾಚಾರ್ಯರ ಹಿಂದೆ ನಡೆದು ಬರುತ್ತಾಳೆ. ಹಿಂತಿರುಗಿ ನೋಡಬಾರದೆಂಬುದು ಅವಳ ನಿಬಂಧನೆ. ಗೆಜ್ಜೆಯ ದನಿ ನಿಂತಿತೆಂದು ಆಚಾರ್ಯರು ತಿರುಗಿದ ಸ್ಥಳದಲ್ಲಿಯೇ ಅವಳು ಮೂಕಾಂಬಿಕೆಯಾಗಿ ನೆಲೆಸುತ್ತಾಳೆ. ಅಲ್ಲಿ ಮುಂದೆ ನಡೆಯುವವನು ಭಕ್ತ, ತಿರುಗಿ ನೋಡುವವನೂ ಭಕ್ತ. ತಿರುಗಿದರೆ ಪಯಣವೇ ಮುಗಿಯುತ್ತದೆ. ಏಕನ್‌ದೋದಲ್ಲಿ ಮುಂದೆ ನಡೆಯುವವನು ಅಮಿತಾಭ, ನಿಂತುಹೋದವನು ಭಕ್ತ, ತಿರುಗಿ ನೋಡುವವನು ಮತ್ತೆ ಅಮಿತಾಭ. ಅವನು ತಿರುಗುವುದು ಪಯಣ ಮುಂದುವರಿಯಲೆಂದು. ಎಲ್ಲ ದೇವರೂ ಒಂದೇ ಎಂದು ಸುಲಭವಾಗಿ ಹೇಳಿ ಈ ಭೇದವನ್ನು ಅಳಿಸಿಹಾಕುವುದು ಅವರ ಭಕ್ತಿಗೂ ನಮ್ಮ ಭಕ್ತಿಗೂ ನ್ಯಾಯವಾಗದು ಎಂಬುದು ನನ್ನ ಭಾವನೆ. ಅಮಿತಾಭನದು ಒಂದು ವಿಶೇಷವಾದ ಸಂಕಲ್ಪ: ಶ್ರದ್ಧೆಯಿಂದ ತನ್ನನ್ನು ನೆನೆದವರು ಸುಖಾವತಿ ಎಂಬ ತನ್ನ ಪರಿಶುದ್ಧ ಲೋಕದಲ್ಲಿ ಹುಟ್ಟಲಾರದೆ ಹೋದರೆ ತನಗೂ ಬುದ್ಧತ್ವ ಬೇಡ ಎಂದು ವ್ರತ ತೊಟ್ಟವನು ಅವನು. ಹಾಗೆ ವ್ರತ ತೊಟ್ಟವನಿಗೆ ಒಬ್ಬ ಹಿಂದೆ ಉಳಿದರೂ ಮುಂದಕ್ಕೆ ಸಾಗುವಂತಿಲ್ಲ. ಆ ಸಂಕಲ್ಪವನ್ನು ಶಿಲ್ಪಿ ಕುತ್ತಿಗೆಯ ಒಂದು ತಿರುವಿನಲ್ಲಿ ತೋರಿಸಿದ್ದಾನೆ.

"ತಡವಾಯಿತು" ಎಂಬ ಮಾತನ್ನು ಗದರಿಕೆಯೆಂದು ಓದಲು ನನಗೆ ಮನಸ್ಸಾಗುವುದಿಲ್ಲ. ಏಕನ್ ದುರ್ಬಲ ದೇಹದವರಾಗಿದ್ದರು, ಕಾಯಿಲೆಯನ್ನೇ ಗುರುವೆಂದು ಭಾವಿಸಿದವರು. ದಿನಕ್ಕೆ 10,000 ಬಾರಿ ನಾಮ ಹೇಳುವ ನೇಮ ಮುಂದೆ 60,000ಕ್ಕೆ ಏರಿತೆಂದು ಹೇಳುವ ಪರಂಪರೆಯೇ, ಅವರು ಬಡ ರೋಗಿಗಳಿಗೆ ಆಶ್ರಯ ಕಟ್ಟಿಸಿ, ಆವರಣದ ಉಮೆ ಎಂಬ ಜಪಾನಿ ಪ್ಲಮ್ ಮರದ ಹಣ್ಣುಗಳನ್ನು ಔಷಧವಾಗಿ ಕೊಡುತ್ತಿದ್ದರೆಂದೂ ನೆನೆಯುತ್ತದೆ. ಕರುಣೆಯ ಹೆಸರು ಹೊತ್ತ ಉಮೆ ಮರವೊಂದು ಈಗಲೂ ಅಲ್ಲಿದೆ. ರೋಗಿಗಳಿಗಾಗಿ ತನ್ನ ಹೆಜ್ಜೆಯನ್ನು ನಿಧಾನಿಸಿದವರನ್ನು, ಅವರು ನಿಂತ ಒಂದು ಗಳಿಗೆಯಲ್ಲಿ, ಅಮಿತಾಭನು ತಿರುಗಿ ನೋಡಿದನೆಂಬುದು ನನಗೆ ತಕ್ಕದ್ದಾಗಿಯೇ ಕಾಣುತ್ತದೆ.

ಆ ನಾಮ ನಾನು ಮನೆಯಲ್ಲಿ ಹೇಳಿ ಬೆಳೆದ ನಾಮವಲ್ಲ, ನಾನು ಹೋದದ್ದು ಎಲೆಗಳ ಚೆಲುವನ್ನು ನೋಡಲು. ಹಾಗಿದ್ದರೂ ಪಕ್ಕದಿಂದ ಆ ಮುಖವನ್ನು ಕಂಡಾಗ, ಯಾವ ಹರಕೆಯೂ ಇಲ್ಲದೆ, ಏನನ್ನೂ ಬೇಡದೆ ಕೈ ಮುಗಿದೆ. ಶರತ್ಕಾಲದಲ್ಲಿ ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ: ತೋಟದಲ್ಲಿ ಹೊತ್ತು ಕಳೆಯುವ ಮೊದಲು ಅಮಿತಾಭನ ಮಂದಿರಕ್ಕೆ ಹೋಗಿ, ಎದುರಿನಿಂದ ನಮಸ್ಕರಿಸಿ ಹೊರಟುಬಿಡದೆ ಪಕ್ಕಕ್ಕೂ ಸರಿದು ನಿಲ್ಲಿ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲವಾದ್ದರಿಂದ, ಅಲ್ಲಿ ಪ್ರಾರ್ಥನೆಯ ಹೊರತು ಬೇರೆ ಕೆಲಸವೇನೂ ಇರುವುದಿಲ್ಲ.