ಐವರ ತಂಡಕ್ಕೆ ಹೀಲರ್ ಆದ ಕಥೆ: ಪ್ರೀಸ್ಟ್ ಬಿಟ್ಟು ಡ್ರೂಯಿಡ್ ಹಿಡಿದದ್ದು

ಮೊದಲ ವಾರ

ಶನಿವಾರ ರಾತ್ರಿಗಳಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟ ಆಡಲು ನಾವು ಐವರು ಕೂಡಿದ್ದೇವೆ: ತುಮಕೂರಿನ ಶಿರಾಗೇಟ್‌ನಲ್ಲಿ ನಾನು ಮತ್ತು ತಮ್ಮ, ಕೋಲಾರದಲ್ಲಿ ಇಬ್ಬರು ಗೆಳೆಯರು, ಚಿಂತಾಮಣಿಯಲ್ಲಿ ಭಾವ. ಏಟು ತಿನ್ನುವ ಟ್ಯಾಂಕ್ ಒಬ್ಬ, ಗಾಯ ಮಾಯಿಸುವ ಹೀಲರ್ ಒಬ್ಬ, ಹೊಡೆಯುವವರು ಮೂವರು ಎಂಬುದು ಇಲ್ಲಿನ ಡಂಜನ್‌ಗಳ, ಅಂದರೆ ತಂಡವಾಗಿ ನುಗ್ಗುವ ಶತ್ರು ನೆಲೆಗಳ, ವಾಡಿಕೆ. ಭಾವನವರ ಮನೆಯಲ್ಲಿ ಯುಪಿಎಸ್ ಇರುವುದರಿಂದ ಅವರೇ ಟ್ಯಾಂಕ್ ಆಗಬೇಕೆಂದು ಎಲ್ಲರೂ ಒಪ್ಪಿದೆವು. ಕಾದಾಟದ ನಡುವೆ ಟ್ಯಾಂಕ್ ಮಾಯವಾದರೆ ಉಳಿದ ನಾಲ್ವರ ಗತಿ ಹೇಳಬೇಕಾಗಿಲ್ಲ. ಅವರು ಆರಿಸಿದ ಪಾತ್ರ ಪ್ಯಾಲಡಿನ್. ಶತ್ರುವನ್ನು ತನ್ನತ್ತ ಸೆಳೆಯುವ ಟಾಂಟ್ ಅದಕ್ಕಿಲ್ಲವೆಂದು ವಾರಿಯರ್ ಪಕ್ಷಪಾತಿಗಳು ನಗಬಹುದು, ಆದರೆ ಈ ಹಂತದ ಡಂಜನ್‌ಗಳಿಗೆ ಅಷ್ಟು ಸಾಕು. ಹೀಲರ್ ಕೆಲಸ ನನ್ನ ಪಾಲಿಗೆ ಬಂತು. ನಾನು ಪ್ರೀಸ್ಟ್ ಹಿಡಿದೆ.

ನಾಲ್ಕನೇ ವಾರ

ಡೆಡ್‌ಮೈನ್ಸ್ ಎಂಬ ಡಂಜನ್‌ನಲ್ಲಿ ಮೂರು ಬಾರಿ ಇಡೀ ತಂಡ ಸತ್ತಿತು. ತಪ್ಪು ನನ್ನದೇ ಎಂದುಕೊಂಡು ಆಮೇಲೆ ಲೆಕ್ಕ ಹಾಕಿದೆ. ನನ್ನ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಸುಮಾರು 200 ಮಿಲಿಸೆಕೆಂಡ್. ಅದು ತೊಂದರೆಯೇ ಅಲ್ಲ. ಆದರೆ ನಮ್ಮ ಬೀದಿಯ ಇಂಟರ್‌ನೆಟ್ ಗಂಟೆಗೆ ಐದಾರು ಸಲ ಎರಡು ಮೂರು ಸೆಕೆಂಡ್ ಉಸಿರು ಕಟ್ಟುತ್ತದೆ. ಪ್ರೀಸ್ಟ್‌ನ ಹೀಲ್ ಮಂತ್ರ ಹೇಳಿ ಮುಗಿಸಲು ಮೂರು ಸೆಕೆಂಡ್ ಬೇಕು. ಅದರ ಮೇಲೆ ಈ ಸ್ತಂಭನವೂ ಸೇರಿದರೆ ಭಾವನವರು ಅಷ್ಟರೊಳಗೆ ನೆಲ ಕಚ್ಚಿರುತ್ತಾರೆ. ಪ್ರೀಸ್ಟ್‌ಗೂ ಕಾಯದೆ ತಕ್ಷಣ ಹಾಕಬಹುದಾದ ರಿನ್ಯೂ, ಶೀಲ್ಡ್ ಉಂಟು, ನಿಜ. ಆದರೂ ಅದರ ಮುಖ್ಯ ಬಲ ಮಂತ್ರ ಹೇಳುವುದರಲ್ಲಿಯೇ ಇದೆ. ಡ್ರೂಯಿಡ್‌ನ ರಿಜುವೆನೇಶನ್ ಹಾಗಲ್ಲ: ಒಮ್ಮೆ ಹಾಕಿದರೆ 12 ಸೆಕೆಂಡ್‌ಗಳಲ್ಲಿ ಮೂರು ಸೆಕೆಂಡಿಗೊಮ್ಮೆಯಂತೆ ನಾಲ್ಕು ಸಲ ಜೀವ ತುಂಬುತ್ತದೆ, ಮತ್ತು ಆ ಕೆಲಸ ನಡೆಯುವುದು ಸರ್ವರ್‌ನಲ್ಲಿಯೇ ಆದ್ದರಿಂದ ನನ್ನ ಮನೆಯ ವೈಫೈ ಸತ್ತರೂ ಅದಕ್ಕೆ ಬಾಧೆಯಿಲ್ಲ.

ಏಳನೇ ವಾರ

ಆಟದ ಎರಡು ಬಣಗಳಲ್ಲಿ ನಮ್ಮದಾದ ಅಲಯನ್ಸ್‌ನಲ್ಲಿ ಡ್ರೂಯಿಡ್ ಆಗಬೇಕಾದರೆ ನೈಟ್ ಎಲ್ಫ್ ಕುಲ ಒಂದೇ ದಾರಿ. ಆದ್ದರಿಂದ ಆ ಕುಲದ ತವರಾದ ಟೆಲ್ಡ್ರಾಸಿಲ್‌ನಲ್ಲಿ ಒಂದನೇ ಹಂತದಿಂದ ಮತ್ತೆ ಶುರುಮಾಡಿದೆ. ಬೆಳೆದ ಮೇಲೆ ಆಬರ್‌ಡೈನ್‌ನಲ್ಲಿ ಹಡಗು ಹತ್ತಿ ಮೆನೆಥಿಲ್‌ನಲ್ಲಿ ಇಳಿದು, ವೆಟ್‌ಲ್ಯಾಂಡ್ಸ್‌ನ ಮೊಸಳೆಗಳ ನಡುವೆ ಓಡಿ, ನಾಲ್ಕು ಬಾರಿ ಸತ್ತು ಐರನ್‌ಫೋರ್ಜ್ ಮುಟ್ಟಿದೆ. ಅಲ್ಲಿಂದ ಟ್ರಾಮ್ ಹಿಡಿದು ಸ್ಟಾರ್ಮ್‌ವಿಂಡ್, ಆಮೇಲೆ ಡೆಡ್‌ಮೈನ್ಸ್ ಇರುವ ವೆಸ್ಟ್‌ಫಾಲ್.

ಹತ್ತನೇ ವಾರ

ಡೆಡ್‌ಮೈನ್ಸ್‌ನ ಹಡಗಿನ ಮೇಲೆ ಮಿಸ್ಟರ್ ಸ್ಮೈಟ್ ಎಂಬ ಬಲಿಷ್ಠ ಶತ್ರು ನೆಲವನ್ನು ಒದ್ದು ಎಲ್ಲರನ್ನೂ ನಿಶ್ಚೇಷ್ಟಗೊಳಿಸಿ, ಆಯುಧ ಬದಲಿಸಲು ಪೆಟ್ಟಿಗೆಯತ್ತ ಓಡುತ್ತಾನೆ. ಆ ಹೊತ್ತಿಗೆ ಅವನ ಇಬ್ಬರು ಕಾವಲುಗಾರರು ಇನ್ನೂ ಬದುಕಿದ್ದರು. ಒದೆ ಬೀಳುವುದಕ್ಕೆ ಮುಂಚೆ ನಾನು ಭಾವನವರ ಮೇಲೆ ರಿಜುವೆನೇಶನ್ ಹಾಕಿದ್ದೆ. ಐವರೂ ಕಂಬದಂತೆ ನಿಂತಿದ್ದರೂ ಭಾವನವರ ಜೀವ ತೋರಿಸುವ ಹಸಿರು ಪಟ್ಟಿ ಏರುತ್ತಲೇ ಇತ್ತು. "ನೀವು ಏನೂ ಒತ್ತದೇನೇ ಹೀಲ್ ಬರ್ತಾ ಇದೆಯಲ್ರೀ" ಎಂದು ಅವರು ಹೆಡ್‌ಸೆಟ್‌ನಲ್ಲಿ ಕೂಗಿದರು. ಸ್ಮೈಟ್ ಬಿದ್ದ, ಅಂದು ಅಲ್ಲಿನ ನಾಯಕ ವ್ಯಾನ್‌ಕ್ಲೀಫ್‌ನನ್ನೂ ಮುಗಿಸಿದೆವು.

ಒಂದು ಕೊರತೆಯನ್ನು ಮುಚ್ಚಿಡಲಾಗದು. ಕಾದಾಟ ಮುಗಿದ ಮೇಲೆ ಸತ್ತವರನ್ನು ಎಬ್ಬಿಸುವ ಮಂತ್ರ ಪ್ರೀಸ್ಟ್‌ಗೆ ಉಂಟು, ಕ್ಲಾಸಿಕ್‌ನ ಡ್ರೂಯಿಡ್‌ಗೆ ಇಲ್ಲ. 20ನೇ ಹಂತದಲ್ಲಿ ಸಿಗುವ, ಸತ್ತ ಒಬ್ಬರನ್ನು ಎಬ್ಬಿಸುವ ರಿಬರ್ತ್ ಅರ್ಧ ಗಂಟೆಗೆ ಒಮ್ಮೆ ಮಾತ್ರ. ಸದ್ಯಕ್ಕೆ ಎಬ್ಬಿಸುವ ಕೆಲಸ ಪ್ಯಾಲಡಿನ್ ಭಾವನವರದ್ದು, ಅವರೇ ಸತ್ತರೆ ಸ್ಮಶಾನದಿಂದ ಆತ್ಮವಾಗಿ ಓಡಿ ಬರುವುದೂ ಅವರದ್ದೇ.

ನಿನ್ನೆ 20ನೇ ಹಂತ ಮುಟ್ಟಿದೆ. ರಿಬರ್ತ್‌ಗೆ ಪ್ರತಿ ಸಲ ಒಂದು ಮೇಪಲ್ ಬೀಜ ಬೇಕಾಗುವುದರಿಂದ ಐದು ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಮೊದಲನೆಯದು ತಮ್ಮನಿಗೆ ಎಂದು ಅವನೇ ಮುಂಗಡ ಕಾದಿರಿಸಿದ್ದಾನೆ.